ನಮ್ಮ ಚರಂಡಿಯೂ ಪಾಸಾಯಿತು

ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮನೆಯಲ್ಲಿ ಬೈಗುಳ. ಕ್ರಿಕೆಟ್ಟಿನಲ್ಲಿ ಸೊನ್ನೆ ಬಂದರೆ ಊರಿಗೆಲ್ಲ ಬೇಸರ. ಸೊನ್ನೆ ಬಂದರೆ ಪೇಡ ಹಂಚುವ ಉದ್ಯೋಗ ಈ ಭೂಮಿಯ ಮೇಲೆ ಒಂದೇ ಒಂದಿದೆ. ಅದು ನನ್ನದು!

ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಖಾಸಗಿ ಡೈರಿಯಲ್ಲಿ ನಾನು ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ಹಾಲು, ಐಸ್‌ಕ್ರೀಮು, ಪೇಡಗಳಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ, ಮೊಸರಿನಲ್ಲಿ ಒಳ್ಳೆಯವುಗಳ ಜೊತೆ ಕೆಟ್ಟ ಜಾತಿಯವೂ ಸೇರಿಕೊಂಡಿವೆಯೇ ಎಂದು ನೋಡುವುದು ನನ್ನ ಕೆಲಸ. ಹೆಸರು ಕೇಳಲು ದೊಡ್ಡದು, ಮಾಡಲು ಅಡುಗೆಯ ಹಾಗೆಯೇ. ಮೀಡಿಯಾ ಎಂಬ ಪುಡಿ ಡಬ್ಬದಲ್ಲಿ ಬರುತ್ತದೆ. ಅದನ್ನು ನೀರಿನಲ್ಲಿ ಕಲಸಿ, ಕುದಿಸಿ, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಗಾಜಿನ ತಟ್ಟೆಗೆ ಹುಯ್ದರೆ ಹಾಲುಬಾಯಿಯಂತೆ ಗಟ್ಟಿಯಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ನಾವು ಬಡಿಸುವ ಊಟ ಅದು. ನೀರು ಬೆರೆಸಿ ತೆಳ್ಳಗೆ ಮಾಡಿದ ಹಾಲನ್ನು ಅದಕ್ಕೆ ಸೇರಿಸಿ ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟರೆ, ಹಾಲಿನಲ್ಲಿದ್ದ ಒಂದೊಂದು ಬ್ಯಾಕ್ಟೀರಿಯಾವೂ ಉಂಡು, ಸಂಸಾರ ಬೆಳೆಸಿ, ಕಣ್ಣಿಗೆ ಕಾಣುವಂಥ ಒಂದು ಚುಕ್ಕೆಯಾಗುತ್ತದೆ. ಆಮೇಲೆ ಚುಕ್ಕೆ ಎಣಿಸಿದರಾಯಿತು. "ರಂಗೋಲಿಗೆ ಚುಕ್ಕೆ ಇಡೋಕೆ ಬರದೋಳು ಚುಕ್ಕೆ ಎಣಿಸೋಕೆ ಎಂ.ಎಸ್ಸಿ. ಮಾಡಿದ್ಯಾ?" ಎಂದು ನಮ್ಮತ್ತೆ ಒಮ್ಮೆ ಕೇಳಿದ್ದರು.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮೀಡಿಯಾ ತಯಾರಿಸಿದಾಗಲೆಲ್ಲ, ಬದುಕಿದೆ ಎಂದು ಖಾತ್ರಿಯಿರುವ ಒಂದು ಬ್ಯಾಕ್ಟೀರಿಯಾವನ್ನು ಒಂದು ತಟ್ಟೆಗೆ ಹಾಕಿ ನೋಡಬೇಕು. ಹೊಸ ಅಡುಗೆಯವನನ್ನು ಮದುವೆಗೆ ಗೊತ್ತುಮಾಡುವ ಮುಂಚೆ ಮನೆಯ ಭಾವನಿಗೆ ಬಡಿಸಿ ನೋಡುತ್ತಾರಲ್ಲ, ಹಾಗೆ. ಭಾವ ಉಂಡರೆ ಊಟ ಸರಿ. ನಮ್ಮ ಲ್ಯಾಬಿನ ಭಾವ ಒಂದು ಸಣ್ಣ ಟ್ಯೂಬಿನಲ್ಲಿದ್ದ. ಬೇಸಿಗೆಯಲ್ಲಿ ಫ್ರಿಜ್ಜು ಕೆಟ್ಟಾಗ ಅವನು ತೀರಿಕೊಂಡ. ಹೊಸಬನನ್ನು ತರಿಸಬೇಕು, ತರಿಸಬೇಕು ಎನ್ನುತ್ತಲೇ ದಸರಾ ಬಂದುಬಿಟ್ಟಿತು.

ನಮ್ಮ ಮಾಲೀಕರು ಶಿವನಂಜಪ್ಪನವರಿಗೆ ಲ್ಯಾಬಿನ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. "ನಮ್ಮಪ್ಪ ನಾಲ್ಗೆ ಮೇಲೆ ಒಂದ್ ತೊಟ್ಟು ಬುಟ್ಕೊಂಡು ಹಾಲಿನ್ ಜಾತಕ ಹೇಳೋರು ಕಣಮ್ಮ. ನೀವು ಎರಡ್ ದಿವ್ಸ ಬೇಯಿಸಿ ಹೇಳ್ತೀರ" ಎನ್ನುತ್ತಿದ್ದರು. ಆ ವರ್ಷ ಬೆಂಗಳೂರಿನ ಒಂದು ಹೋಟೆಲ್ ಕಂಪನಿ ತನ್ನ ಮೈಸೂರಿನ ಹೋಟೆಲುಗಳಿಗೆ ಮೊಸರು, ಐಸ್‌ಕ್ರೀಮು ಕೊಳ್ಳಲು ಡೈರಿ ಹುಡುಕುತ್ತಿತ್ತು. ಸ್ವಂತ ಲ್ಯಾಬ್ ಇರಬೇಕು, ಅದನ್ನು ನಮ್ಮ ಅಧಿಕಾರಿ ಬಂದು ನೋಡುತ್ತಾರೆ ಎಂಬುದು ಅವರ ಷರತ್ತು.

ಶಿವನಂಜಪ್ಪನವರು ನನ್ನನ್ನು ಕರೆದು ನೇರವಾಗಿಯೇ ಹೇಳಿದರು. "ಗಿರಿಜಮ್ನೋರೇ, ಅವ್ರು ಒಪ್ಪುದ್ರೆ ಲ್ಯಾಬ್ ಇರುತ್ತೆ. ಒಪ್ನಿಲ್ಲ ಅಂದ್ರೆ ಆ ರೂಮ್ನಲ್ಲಿ ಐಸ್‌ಕ್ರೀಮ್ ಡಬ್ಬ ಜೋಡಿಸ್ತೀನಿ. ನೀವೇನೂ ಬೇಜಾರ್ ಮಾಡ್ಕಬೇಡಿ. ಕೌಂಟರ್‌ನಲ್ಲಿ ಪೇಡ ತೂಗೋಕೆ ನಂಬಿಕಸ್ಥರು ಒಬ್ರು ಬೇಕೇ ಬೇಕು."

ಪೇಡ ತೂಗುವುದು ಕೀಳು ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಆ ಕೋಣೆಗೆ ಬಿಳಿ ಟೈಲ್ಸ್ ಹಾಕಿಸಲು ನಾನು ಎಷ್ಟು ಸಲ ಅವರ ಹಿಂದೆ ಓಡಾಡಿದ್ದೆನೋ ನನಗೇ ಗೊತ್ತು. ಆ ಕೋಣೆಯಲ್ಲಿ ಡಬ್ಬ ಜೋಡಿಸುತ್ತಾರಂತೆ! ಆದರೂ ಧೈರ್ಯ ಬಿಡಲಿಲ್ಲ. ನನ್ನ ಲ್ಯಾಬನ್ನು ನೋಡಿ ಯಾರು ತಾನೆ ಬೇಡ ಎಂದಾರು?

ಮೈಸೂರಿನಲ್ಲಿ ಆಯುಧಪೂಜೆಯ ದಿನ ಕೆಟ್ಟು ನಿಂತ ಸೈಕಲ್ಲಿಗೂ ಸ್ನಾನವಾಗುತ್ತದೆ. ನಮ್ಮ ಡೈರಿಯಲ್ಲಿ ಬಾಯ್ಲರಿಗೆ ಬಾಳೆಕಂದು, ವ್ಯಾನಿಗೆ ಚೆಂಡುಹೂವಿನ ಹಾರ. ನನ್ನ ಆಯುಧಗಳಾದರೋ ಗಾಜಿನ ತಟ್ಟೆ, ಫ್ಲಾಸ್ಕು, ಪಿಪೆಟ್ಟುಗಳು. ಹಿಂದಿನ ವರ್ಷ ಅವಕ್ಕೆ ಅರಿಸಿನ ಕುಂಕುಮ ಇಟ್ಟು ಕೈಮುಗಿದಿದ್ದೆ, ಅಷ್ಟೆ. ಈ ವರ್ಷ ಅಧಿಕಾರಿಗಳು ಬರುವವರಿದ್ದರು. ಆದ್ದರಿಂದ ಸದರಿ ಆಯುಧಗಳಿಗೆ ಅಭ್ಯಂಜನ ಮಾಡಿಸತಕ್ಕದ್ದೆಂದು ತೀರ್ಮಾನಿಸಲಾಯಿತು. ತೀರ್ಮಾನಿಸಿದವಳು ನಾನೇ.

ಲ್ಯಾಬಿನ ಸಹಾಯಕಿ ರಾಜಮ್ಮ ಅಶೋಕಪುರಂನಿಂದ ಬರುತ್ತಿದ್ದರು. ನನಗಿಂತ ಹಿರಿಯರು, ಮಾತು ಜೋರು, ಹುಮ್ಮಸ್ಸು ಇನ್ನೂ ಜೋರು. ನಾವಿಬ್ಬರೂ ಸೆರಗು ಸಿಕ್ಕಿಸಿಕೊಂಡು ನಿಂತೆವು. ನೋಡಿದರೆ ಲ್ಯಾಬಿನ ಸೋಪಿನ ಪುಡಿ ಖಾಲಿ! ನಾನು ಎದೆಗುಂದಲಿಲ್ಲ. ಹಾಲಿನ ಕ್ಯಾನುಗಳನ್ನು ತೊಳೆಯುವ ಕಡೆ ಒಂದು ನೀಲಿ ದ್ರಾವಣವಿತ್ತು. ಕ್ಯಾನಿನಲ್ಲಿ ಒಂದು ಕ್ರಿಮಿಯೂ ಉಳಿಯದ ಹಾಗೆ ಮಾಡುವಂಥ ಔಷಧಿ. ಜೊತೆಗೆ ನಿಂಬೆಹಣ್ಣಿನ ಪರಿಮಳ. ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಬೇಕು ಎಂದು ಅದರ ಮೇಲೆ ಬರೆದಿತ್ತು.

"ಒಂದೇ ಮುಚ್ಚಳವಾ ಮೇಡಂ?" ಎಂದರು ರಾಜಮ್ಮ.

"ಹಬ್ಬ ಅಲ್ವಾ ರಾಜಮ್ಮ, ಇನ್ನೊಂದು ಹಾಕಿ."

"ಎರಡು ಬ್ಯಾಡ ಬುಡಿ, ಬೆಸ ಆಗ್ಲಿ. ಮೂರ್ ಹಾಕ್ಬುಡ್ತೀನಿ."

ನಾನು ತಲೆಯಾಡಿಸಿದೆ. ಅಷ್ಟೂ ಗಾಜನ್ನು ಆ ನೀಲಿ ನೀರಿನಲ್ಲಿ ಮುಳುಗಿಸಿ, ಉಜ್ಜಿ, ಮೇಜಿನ ಮೇಲೆ ಸಾಲಾಗಿ ಬೋರಲು ಹಾಕಿದೆವು. ಇನ್ನು ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಶಿವನಂಜಪ್ಪನವರು! "ಮಂಗಳಾರತಿ ಆಗ್ತಾ ಅದೆ, ಬಂದ್ಬುಡ್ರಮ್ಮ! ರಾಹುಕಾಲಕ್ಕೆ ಮುಂಚೆ ಕುಂಬಳಕಾಯಿ ಒಡೀಬೇಕು!"

ಆಮೇಲೆ ಜಾಲಿಸಿದರಾಯಿತು ಎಂದು ಓಡಿದೆವು. ಕುಂಬಳಕಾಯಿ ಒಡೆದು, ಪುರಿ ಸಿಹಿ ತಿಂದು ಹಿಂದಿರುಗುವಷ್ಟರಲ್ಲಿ ಪೂಜೆಗೆ ಬಂದಿದ್ದ ಅಯ್ಯನವರು ನಮಗಿಂತ ಮೊದಲೇ ಲ್ಯಾಬಿಗೆ ಹೋಗಿ ಬಂದಿದ್ದರು. ಆಟೋಕ್ಲೇವಿಗೆ ವಿಭೂತಿಯ ಪಟ್ಟೆ, ಫ್ಲಾಸ್ಕುಗಳಿಗೆ ಪಟ್ಟೆ, ಬೋರಲು ಮಲಗಿದ್ದ ಒಂದೊಂದು ತಟ್ಟೆಯ ಬೆನ್ನಿಗೂ ಪಟ್ಟೆ! ಪೂಜೆಯಾದ ಆಯುಧವನ್ನು ಅಂದು ಮುಟ್ಟುವ ಹಾಗಿಲ್ಲ. ಮುಟ್ಟಲಿಲ್ಲ. ವಿಜಯದಶಮಿ ಕಳೆದು ಬಂದು ನೋಡಿದರೆ ಎಲ್ಲವೂ ಒಣಗಿ ಲಕಲಕ ಹೊಳೆಯುತ್ತಿದ್ದವು. ಹೊಳೆಯುವ ತಟ್ಟೆಯನ್ನು ಯಾರಾದರೂ ಮತ್ತೆ ತೊಳೆಯುತ್ತಾರೆಯೇ? ಬೆನ್ನಿನ ವಿಭೂತಿಯನ್ನು ಬಟ್ಟೆಯಿಂದ ಒರೆಸಿ ಕೆಲಸ ಶುರುಮಾಡಿದೆ.

ಮೊದಲ ಫಲಿತಾಂಶ ಬಂತು. ಹಾಲು, ಸೊನ್ನೆ. ಐಸ್‌ಕ್ರೀಮು, ಸೊನ್ನೆ. ಪೇಡ, ಸೊನ್ನೆ. ಮೊಸರಿನಲ್ಲಿ ಕೆಟ್ಟ ಜಾತಿಯವು, ಸೊನ್ನೆ!

ಕಾಯಿಸಿ ಆರಿಸಿದ ಹಾಲಿನಲ್ಲೂ ನಾಲ್ಕು ಚುಕ್ಕೆ ಬಂದೇ ಬರುತ್ತವೆ, ಪೂರಾ ಸೊನ್ನೆ ಬಂದರೆ ಅನುಮಾನಪಡಬೇಕು ಎಂದು ತರಬೇತಿಗೆ ಬಂದ ಹುಡುಗಿಯರಿಗೆ ನಾನೇ ಪಾಠ ಹೇಳಿದ್ದುಂಟು. ಆದರೆ ಹೊಗಳಿಕೆ ಬರುವ ಹೊತ್ತಿನಲ್ಲಿ ಪಾಠ ನೆನಪಾಗುವುದಿಲ್ಲ. ಶಿವನಂಜಪ್ಪನವರು ತಾವೇ ಪೇಡದ ತಟ್ಟೆ ಹಿಡಿದು ಲ್ಯಾಬಿಗೆ ಬಂದರು. ಅದುವರೆಗೆ ಅವರು ಲ್ಯಾಬಿಗೆ ಬಂದದ್ದೆಲ್ಲ ಬಲ್ಬು ಆರಿಸಲು. "ಆಯುಧಪೂಜೆ ಫಲ ಕಣ್ರೀ ಇದು!" ಎಂದರು. ನಾನು ವಿನಯದಿಂದ ನಕ್ಕೆ. ನೀಲಿ ದ್ರಾವಣದ ಫಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಅಂದಿನಿಂದ ಲ್ಯಾಬಿನ ಗಾಜಿಗೆ ಆ ದ್ರಾವಣವನ್ನೇ ಕಾಯಂ ಮಾಡಿದೆ. ಪರಿಮಳ ಉಳಿಯಲಿ ಎಂದು ಜಾಲಿಸುವುದನ್ನೂ ನಾಮಕಾವಸ್ತೆ ಮಾಡಿಸಿದೆ.

ಶಿವನಂಜಪ್ಪನವರ ಉತ್ಸಾಹ ಅಷ್ಟಕ್ಕೇ ನಿಲ್ಲಲಿಲ್ಲ. ಮೊಸರಿನ ಪ್ಯಾಕೆಟ್ಟಿನ ಮೇಲೆ "ಒಂದೂ ಬ್ಯಾಕ್ಟೀರಿಯಾ ಇಲ್ಲದ ಮೊಸರು" ಎಂದು ಅಚ್ಚು ಹಾಕಿಸಲು ಹೊರಟರು.

"ಸಾರ್, ಬ್ಯಾಕ್ಟೀರಿಯಾ ಇಲ್ದೆ ಇದ್ರೆ ಅದು ಮೊಸರಲ್ಲ, ಹಾಲು" ಎಂದೆ.

"ಹಂಗಾದ್ರೆ ಹಾಲಿನ ಪ್ಯಾಕೆಟ್ ಮೇಲೆ ಹಾಕ್ಸವಾ?"

ಬಹಳ ಕಷ್ಟಪಟ್ಟು ತಡೆದೆ.

ಮನೆ ಕುವೆಂಪುನಗರದಲ್ಲಿ. ನಮ್ಮೆಜಮಾನರು ಲೋಕೇಶ್ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ರಾತ್ರಿ ಊಟಕ್ಕೆ ಕೂತಾಗ ನನ್ನ ಸೊನ್ನೆಗಳ ಸಾಲನ್ನು ಅವರ ಮುಂದೆ ಹರಡಿದೆ. ಅವರು ಸಾರು ಕಲಸುತ್ತಾ, "ಇಡೀ ಕ್ಲಾಸಿಗೆ ಸೊನ್ನೆ ಬಂದ್ರೆ ನಾನು ಹುಡುಗ್ರನ್ನ ನೋಡಲ್ಲ ಕಣೇ, ಪ್ರಶ್ನೆಪತ್ರಿಕೆ ನೋಡ್ತೀನಿ" ಎಂದರು.

"ರೀ, ನಿಮ್ಮ ಹುಡುಗ್ರ ವಿಷಯ ಬೇರೆ. ನಮ್ಮ ಹಾಲು ಅಂಥದ್ದಲ್ಲ" ಎಂದು ಬಾಯಿ ಮುಚ್ಚಿಸಿದೆ.

ಅಧಿಕಾರಿ ಬಂದರು. ಪದ್ಮನಾಭರಾಯರು ಎಂದು ಹೆಸರು. ಮೆಲುದನಿಯ ಸಣ್ಣ ಆಳು. ಕಾಫಿ ಕೊಟ್ಟರೆ ಅದರ ಲೋಟವನ್ನೂ ಒಮ್ಮೆ ತಿರುಗಿಸಿ ನೋಡಿ ಕುಡಿಯುವಂಥವರು. ನನ್ನ ಸೊನ್ನೆ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ನಾನು ಹೊಗಳಿಕೆಗೆ ತಲೆಬಾಗಿಸಿಕೊಂಡು ನಿಂತಿದ್ದೆ.

"ಮೀಡಿಯಾ ಪರೀಕ್ಷೆ ಮಾಡಿದ್ದೀರಾಮ್ಮ?"

"ಹೊಸ ಡಬ್ಬ ಸಾರ್."

"ಡಬ್ಬ ಹೊಸದು, ಸರಿ. ಅದರ ಮೇಲೆ ಏನಾದ್ರೂ ಬೆಳೆಯುತ್ತೋ?"

ನಾನು ತೀರಿಕೊಂಡ ಭಾವನ ಕಥೆಯನ್ನು ಹೇಳಿದೆ. ಅವರು ಅನುಕಂಪದಿಂದಲೇ ಕೇಳಿಸಿಕೊಂಡರು. ಆಮೇಲೆ, "ನೋಡಿಮ್ಮ, ಎಲೆ ಖಾಲಿ ಇದೆ ಅಂದ್ರೆ ನೆಂಟರೇ ಬಂದಿಲ್ಲ ಅಂತ ಹೇಗೆ ಹೇಳ್ತೀರಿ? ಊಟ ಸೇರದೆ ಎದ್ದು ಹೋಗಿರಬಹುದಲ್ವಾ?" ಎಂದರು. "ಒಂದು ಕೆಲಸ ಮಾಡಿ. ಇವತ್ತು ಒಂದೆರಡು ತಟ್ಟೆಗೆ ಏನಾದ್ರೂ ಗಲೀಜು ಹಾಕಿ ಇಡಿ. ನಾಳೆಯೂ ನಾನು ಮೈಸೂರಲ್ಲೇ ಇರ್ತೀನಿ. ಬಂದು ನೋಡ್ತೀನಿ."

ಇಷ್ಟೇ ತಾನೆ! ಕಡಕೊಳದಲ್ಲಿ ಗಲೀಜಿಗೆ ಬರವೇ? ನಾನೂ ರಾಜಮ್ಮನೂ ಹುರುಪಿನಿಂದ ಹೊರಟೆವು. ಕ್ಯಾಂಟೀನಿನ ಹಿಂದಿನ ಚರಂಡಿಯಿಂದ ಕಪ್ಪು ನೀರು ತಂದೆವು. ನನ್ನ ಸ್ಕೂಟರಿನ ಕಾಲಿಡುವ ಮ್ಯಾಟಿನ ಧೂಳು ಕೆರೆದೆವು. "ನಮ್ ಸಾಹೇಬ್ರು ಫೋನ್ನಲ್ಲಿ ಬಾಯಿಟ್ಕಂಡು ಮಾತಾಡ್ತಾರೆ ಮೇಡಂ, ಅದ್ನ ಒರ್ಸಿ" ಎಂದರು ರಾಜಮ್ಮ. ಅದನ್ನೂ ಒರೆಸಿದೆವು. ಎಲ್ಲವನ್ನೂ ಗಾಜಿನ ತಟ್ಟೆಗಳಿಗೆ ಹಾಕಿ ಬೆಚ್ಚಗಿಟ್ಟು ಮನೆಗೆ ಹೋದೆ. ಹೋಗುವ ಮುಂಚೆ, ಅಧಿಕಾರಿಗಳು ಮತ್ತೆ ಬರುತ್ತಾರಲ್ಲ ಎಂದು ಉಳಿದ ಗಾಜನ್ನೆಲ್ಲ ನೀಲಿ ದ್ರಾವಣದಲ್ಲಿ ಇನ್ನೊಮ್ಮೆ ಅದ್ದಿಸಿದೆ.

ಮಾರನೆಯ ದಿನ ಎಲ್ಲರ ಎದುರಿಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ.

ಸ್ಕೂಟರಿನ ಧೂಳು, ಸೊನ್ನೆ. ಶಿವನಂಜಪ್ಪನವರ ಫೋನು, ಸೊನ್ನೆ. ಕ್ಯಾಂಟೀನಿನ ಚರಂಡಿ, ಸೊನ್ನೆ!

ಮೊದಲು ಮಾತಾಡಿದವರು ಶಿವನಂಜಪ್ಪನವರು. ಅವರ ಮುಖ ಅರಳಿತ್ತು. "ನೋಡುದ್ರಾ ಸಾರ್? ನಮ್ ಚರಂಡೀನೂ ಪಾಸು!"

ಪದ್ಮನಾಭರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಶಿವನಂಜಪ್ಪನವರೇ, ಹಾಗಾದ್ರೆ ಆ ನೀರು ಒಂದು ಲೋಟ ಕುಡೀತೀರಾ?"

"ಅಯ್ಯೋ, ಅದ್ಯಾಕ್ ಸಾರ್?"

"ಕುಡೀಬಹುದು ಅಂತ ನಿಮ್ಮ ಲ್ಯಾಬ್ ಹೇಳ್ತಿದೆ."

ಶಿವನಂಜಪ್ಪನವರ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು. ಮುಂದಿನ ವಾರ ಕಡೆಯ ಸಲ ಬರುತ್ತೇನೆ ಎಂದು ಹೇಳಿ ರಾಯರು ಹೊರಟರು. ಅಂದು ಸಂಜೆ ಶಿವನಂಜಪ್ಪನವರು ನನ್ನನ್ನು ಬೈಯಲಿಲ್ಲ. ಕೌಂಟರಿನ ತಕ್ಕಡಿಯನ್ನು ತಾವೇ ನಿಂತು ಒರೆಸುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ಕೂಟರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಣ್ಣು ಮಂಜಾಗುತ್ತಿತ್ತು, ಧೂಳು ಎಂದುಕೊಂಡೆ. ಆದರೆ ಆ ಧೂಳು ಸೊನ್ನೆ ಎಂದು ಆಗಲೇ ಸಾಬೀತಾಗಿತ್ತು.

ತಪ್ಪು ಹುಡುಕಲು ಶುರುಮಾಡಿದೆ. ನನ್ನನ್ನು ಬಿಟ್ಟು ಉಳಿದೆಲ್ಲರ ತಪ್ಪು. ಮೊದಲು ಮೀಡಿಯಾ ಕಂಪನಿಗೆ ಫೋನು ಮಾಡಿ, "ನಿಮ್ಮ ಪುಡಿ ಸತ್ತಿದೆ" ಎಂದು ಗದರಿಸಿದೆ. ಅವರು ಪಾಪ, ಬೇರೆ ಡಬ್ಬ ಕಳಿಸಿದರು. ಅದೂ ಸೊನ್ನೆ. ನೀರನ್ನು ಬೈದೆ. ವಿದ್ಯುತ್ತನ್ನು ಬೈದೆ. ಆಟೋಕ್ಲೇವಿನ ಗ್ಯಾಸ್ಕೆಟ್ಟನ್ನು ಬದಲಾಯಿಸಿದೆ. "ದೃಷ್ಟಿ ತಗಲದೆ ಮೇಡಂ, ಪೇಡ ಹಂಚ್ಬಾರ್ದಾಗಿತ್ತು" ಎಂದು ರಾಜಮ್ಮ ಇನ್‌ಕ್ಯುಬೇಟರಿಗೆ ನಿಂಬೆಹಣ್ಣು ನಿವಾಳಿಸಿದರು. ನಾನು ಎಂ.ಎಸ್ಸಿ. ಪದವೀಧರೆ. ಅಂಥದ್ದನ್ನೆಲ್ಲ ನಂಬುವುದಿಲ್ಲ. ಬಾಗಿಲು ಮಾತ್ರ ಹಾಕಿಕೊಂಡು ಮಾಡಿ ಎಂದೆ. ಒಂದೊಂದು ಹೊಸ ಪ್ರಯೋಗಕ್ಕೂ ಮುಂಚೆ ತಟ್ಟೆಗಳನ್ನು ಮತ್ತಷ್ಟು ಶ್ರದ್ಧೆಯಿಂದ ನೀಲಿ ದ್ರಾವಣದಲ್ಲಿ ತೊಳೆಯುತ್ತಿದ್ದೆವು. ಮೂರು ಮುಚ್ಚಳ ಹೋಗಿ ಐದಾಗಿತ್ತು. ಬೆಸವೇ.

ಗುರುವಾರ ಸಂಜೆ ಒಂದು ಯೋಚನೆ ಹೊಳೆಯಿತು. ಬದುಕಿದೆ ಎಂದು ಖಾತ್ರಿಯಿರುವ ಬ್ಯಾಕ್ಟೀರಿಯಾ ಬೇಕು ತಾನೆ? ನಮ್ಮತ್ತೆಯ ಹೆಪ್ಪು! ಅವರು ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಅಂದಿನಿಂದ ಒಂದು ದಿನವೂ ಕೈಕೊಟ್ಟಿಲ್ಲ. ಚಳಿಗಾಲದಲ್ಲೂ ಚಾಕುವಿನಲ್ಲಿ ಕೊಯ್ಯುವ ಹಾಗೆ ಮೊಸರಾಗುತ್ತದೆ. ಹೆಪ್ಪು ತರಲೆಂದು ಒಂದು ಗಾಜಿನ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡೆ. ಮೀಡಿಯಾ ಡಬ್ಬವೂ ಚೀಲದಲ್ಲೇ ಇತ್ತು, ದಾರಿಯಲ್ಲಿ ಕಂಪನಿಗೆ ವಾಪಸು ಕೊರಿಯರ್ ಮಾಡೋಣವೆಂದು. ಅಂಗಡಿ ಮುಚ್ಚಿತ್ತು. ನೇರ ಮನೆಗೆ ಹೋದೆ.

"ಅತ್ತೆ, ಒಂದು ಚಮಚ ಹೆಪ್ಪು ಕೊಡಿ. ಈಗಲೇ ಕಡಕೊಳಕ್ಕೆ ತಗೊಂಡು ಹೋಗ್ಬೇಕು."

ಅತ್ತೆ ದೇವರ ಮುಂದೆ ದೀಪ ಹಚ್ಚಿ ಆಗಷ್ಟೇ ಎದ್ದಿದ್ದರು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ದೀಪ ಹಚ್ಚಾಯ್ತು ಕಣಮ್ಮ. ಇನ್ನ ಹೆಪ್ಪು ಮನೆಯಿಂದಾಚೆ ಹೋಗಂಗಿಲ್ಲ."

"ಬೆಳಿಗ್ಗೆ ತಗೊಂಡು ಹೋಗ್ಲಾ?"

"ನಾಳೆ ಶುಕ್ರವಾರ. ಶುಕ್ರವಾರ ಹೆಪ್ಪು ಕೊಟ್ರೆ ಮನೇಲಿ ಲಕ್ಷ್ಮಿ ಉಳೀತಾಳಾ?"

"ಅತ್ತೆ, ನನ್ನ ಕೆಲಸ ಹೋಗುತ್ತೆ!"

"ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ ಬುಡು. ಹೆಪ್ಪು ಹೋದ್ರೆ ಸಿಗುತ್ತಾ?"

ವಾದದಲ್ಲಿ ನಮ್ಮತ್ತೆಯನ್ನು ಸೋಲಿಸಿದವರು ಕುವೆಂಪುನಗರದಲ್ಲಿ ಇನ್ನೂ ಹುಟ್ಟಿಲ್ಲ. ಹಾಗೆಯೇ ಕುರ್ಚಿಯ ಮೇಲೆ ಕುಸಿದೆ. ಕೂತವಳಿಗೆ ಕಾನೂನಿನ ಒಂದು ಸಂದು ಕಾಣಿಸಿತು. ಹೆಪ್ಪು ಮನೆಯಿಂದ ಆಚೆ ಹೋಗಬಾರದು, ಸರಿ. ಪ್ರಯೋಗ ಮನೆಯೊಳಗೆ ಬರಬಾರದೆಂದು ಯಾರೂ ಹೇಳಿಲ್ಲವಲ್ಲ!

ಅತ್ತೆ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಅಡುಗೆಮನೆ ಹೊಕ್ಕೆ. ಅತ್ತೆಯ ಕುಕ್ಕರ್ ಇಳಿಸಿದೆ. ಮೀಡಿಯಾ ಡಬ್ಬದ ಮೇಲಿನ ವಿವರವನ್ನು ಒಮ್ಮೆ ಓದಿಕೊಂಡೆ. ಹಾಲಿನ ಸತ್ವ, ಈಸ್ಟು, ಸಮುದ್ರದ ಪಾಚಿ. ಪೂರ್ತಿ ಸಸ್ಯಾಹಾರ. ಲ್ಯಾಬಿನಲ್ಲಿ ಮಾಂಸದ ಸತ್ವದ ಇನ್ನೊಂದು ಡಬ್ಬವೂ ಇತ್ತು. ಅದು ಚೀಲದಲ್ಲಿರದೆ ಹೋದದ್ದು ನಮ್ಮ ಮನೆದೇವರ ದಯೆ. ಪುಡಿ ಕಲಸಿ, ಅತ್ತೆಯ ಸಣ್ಣ ಸ್ಟೀಲ್ ಡಬ್ಬಿಗಳ ಜೊತೆ, ತಂದಿದ್ದ ಗಾಜಿನ ತಟ್ಟೆಯನ್ನೂ ಕುಕ್ಕರಿನಲ್ಲಿಟ್ಟು ಬೇಯಿಸಿದೆ. ಕುಕ್ಕರ್ ಕೂಗಿ ಕೂಗಿ ಸುಸ್ತಾಯಿತು. ಮನೆಯೆಲ್ಲ ಹಳೆಯ ಸಾರು ಸೀದ ವಾಸನೆ! ಸ್ವಲ್ಪ ಆರಿದ ಮೇಲೆ ಡಬ್ಬಿಗಳಿಗೂ ಗಾಜಿನ ತಟ್ಟೆಗೂ ಹುಯ್ದು, ಒಂದೊಂದಕ್ಕೂ ತೆಳ್ಳಗೆ ಮಾಡಿದ ಹೆಪ್ಪು ಬೆರೆಸಿದೆ.

ಅಷ್ಟರಲ್ಲಿ ನಮ್ಮೆಜಮಾನರು ಬಂದರು. "ಏನಿವತ್ತು ಹಾಲುಬಾಯಿ? ಯಾರಾದ್ರೂ ಬರ್ತಾರಾ?" ಎಂದು ಚಾಕು ಹುಡುಕತೊಡಗಿದರು.

"ರೀ, ಮುಟ್ಬೇಡಿ! ಅದು ಬ್ಯಾಕ್ಟೀರಿಯಾಗೆ!"

ಅವರು ಚಾಕುವನ್ನು ಮೆಲ್ಲಗೆ ಕೆಳಗಿಟ್ಟರು. "ನನಗೆ ಮಾಡಿ ಎಷ್ಟು ವರ್ಷ ಆಯ್ತು ಅಂತ ಯೋಚಿಸ್ತಿದ್ದೆ" ಎಂದರು.

ಎಲ್ಲವನ್ನೂ ಅವರ ಮಫ್ಲರಿನಲ್ಲಿ ಸುತ್ತಿ, ಫ್ರಿಜ್ಜಿನ ಸ್ಟೆಬಿಲೈಸರಿನ ಮೇಲಿಟ್ಟೆ. ಅಲ್ಲಿ ಸದಾ ಬೆಚ್ಚಗಿರುತ್ತದೆ.

ಶುಕ್ರವಾರ ಇಡೀ ದಿನ ಕಡಕೊಳದಲ್ಲಿ ನನಗೆ ಕೈಯೇ ಓಡಲಿಲ್ಲ. ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಓಡಿ ಮಫ್ಲರ್ ಬಿಚ್ಚಿದೆ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ, ಚುಕ್ಕೆಗಳು! ಎಣಿಸಲಾರದಷ್ಟು! ಸಾಬೂದಾನಿ ಚೆಲ್ಲಿದ ಹಾಗೆ!

"ಬೆಳೆದಿದೆ! ಅತ್ತೆ, ಬೆಳೆದಿದೆ!"

"ಏನಮ್ಮ ಬೆಳೆದಿರೋದು?" ಎಂದು ಅತ್ತೆ ಒಳಗಿನಿಂದ ಬಂದರು.

"ಕ್ರಿಮಿ ಅತ್ತೆ! ಡಬ್ಬಿ ತುಂಬಾ ಕ್ರಿಮಿ!"

ಅತ್ತೆ ಡಬ್ಬಿ ನೋಡಿದರು. ಡಬ್ಬಿಯ ಮೇಲೆ ಕೆತ್ತಿಸಿದ್ದ ತಮ್ಮ ಹೆಸರನ್ನೂ ನೋಡಿದರು. "ನನ್ನ ಡಬ್ಬೀಲಿ, ನನ್ನ ಹೆಪ್ಪಲ್ಲಿ, ಶುಕ್ರವಾರದ ದಿವ್ಸ ಕ್ರಿಮಿ ಬೆಳೆಸಿಬುಟ್ಟು ಕುಣೀತಿದ್ಯಲ್ಲೇ! ಕುಕ್ಕರ್‌ನೂ ಇದಕ್ಕೇ ಇಟ್ಟಿದ್ದಾ? ಲೋಕೇಶಾ, ಬಾರೋ ಇಲ್ಲಿ! ನಿನ್ ಹೆಂಡ್ತೀನ ಯಾರಿಗಾದ್ರೂ ತೋರ್ಸೋ!"

ಅವರ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ಕಣ್ಣು ಇನ್ನೊಂದರ ಮೇಲೆ ನೆಟ್ಟಿತ್ತು. ಗಾಜಿನ ತಟ್ಟೆ. ಅದೇ ಪುಡಿ, ಅದೇ ನೀರು, ಅದೇ ಕುಕ್ಕರ್, ಅದೇ ಹೆಪ್ಪು. ಅದರಲ್ಲಿ ಮಾತ್ರ ಒಂದು ಚುಕ್ಕೆಯೂ ಇಲ್ಲ. ಲಕಲಕ ಹೊಳೆಯುತ್ತಿತ್ತು. ಎತ್ತಿ ಮೂಸಿದೆ.

ನಿಂಬೆಹಣ್ಣಿನ ಪರಿಮಳ!

ಲೋಕೇಶ್ ನನ್ನ ಮುಖ ನೋಡಿ, "ತಪ್ಪು ಪ್ರಶ್ನೆಪತ್ರಿಕೇದೇ, ಅಲ್ವಾ?" ಎಂದರು. ನಾನು ತಲೆಯಾಡಿಸಿದೆ. ಆಯುಧಪೂಜೆಯಿಂದ ಇಲ್ಲಿಯವರೆಗೆ ನಾನು ಮಾಡಿದ್ದಿಷ್ಟೆ. ಬ್ಯಾಕ್ಟೀರಿಯಾಗಳನ್ನು ಮರ್ಯಾದೆಯಿಂದ ಊಟಕ್ಕೆ ಕರೆದು, ಎಲೆಗೆ ವಿಷ ಬಳಿದು, ಅದರ ಮೇಲೆ ಮೃಷ್ಟಾನ್ನ ಬಡಿಸಿದ್ದೆ. ಅವು ಸತ್ತದ್ದಕ್ಕೆ ಪೇಡ ತಿಂದಿದ್ದೆ.

ಶನಿವಾರ ಲ್ಯಾಬಿನಲ್ಲಿ ಒಂದು ಮಹಾಮಜ್ಜನ ನಡೆಯಿತು. ಕೊಳವೆ ಬಾವಿ ನೀರಿನಲ್ಲಿ ಜಾಲಿಸಿದೆವು, ಬಿಸಿನೀರಿನಲ್ಲಿ ಕುದಿಸಿದೆವು, ಮತ್ತೆ ಜಾಲಿಸಿದೆವು, ಕಡೆಗೆ ಬಟ್ಟಿಯಿಳಿಸಿದ ನೀರಿನಲ್ಲಿ ಜಾಲಿಸಿದೆವು. ರಾಜಮ್ಮನ ಕೈ ಸೋತಿತು, ಬಾಯಿ ಸೋಲಲಿಲ್ಲ. "ಹಬ್ಬ ಅಂತ ನೀವೇ ಅಂದ್ರಿ ಮೇಡಂ" ಎಂದರು. "ಬೆಸ ಅಂತ ನೀವಂದ್ರಿ" ಎಂದೆ. ಇಬ್ಬರೂ ಮತ್ತೊಂದು ತಟ್ಟೆ ಕೈಗೆತ್ತಿಕೊಂಡೆವು. ಶನಿವಾರವಾದ್ದರಿಂದ ಅತ್ತೆ ಹಗಲು ಹೊತ್ತಿನಲ್ಲೇ ಒಂದು ಚಮಚ ಹೆಪ್ಪು ಕೊಟ್ಟಿದ್ದರು, ಮುಖ ಆ ಕಡೆ ತಿರುಗಿಸಿಕೊಂಡು. ಹೆಪ್ಪು, ಚರಂಡಿ, ಫೋನು, ಧೂಳು, ಜೊತೆಗೆ ನಮ್ಮ ಹಾಲು, ಮೊಸರು, ಐಸ್‌ಕ್ರೀಮು ಎಲ್ಲವನ್ನೂ ಹೊಸದಾಗಿ ಹಾಕಿಟ್ಟೆವು.

ಸೋಮವಾರ ಬಾಗಿಲು ತೆಗೆದರೆ ಜಾತ್ರೆ! ಹೆಪ್ಪು ಬೆಳೆದಿತ್ತು. ಚರಂಡಿಯ ತಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿವನಂಜಪ್ಪನವರ ಫೋನಿನ ವಿಷಯ ಬೇಡ. ಹಾಲಿನಲ್ಲಿ ಇರಬೇಕಾದಷ್ಟೇ ನಾಲ್ಕಾರು ಚುಕ್ಕೆ. ಮೊಸರು ಚೆನ್ನಾಗಿತ್ತು. ಆದರೆ ಐಸ್‌ಕ್ರೀಮಿನ ತಟ್ಟೆಯಲ್ಲಿ ಇರಬಾರದ ಜಾತಿಯವು ಕೆಂಪು ಚುಕ್ಕೆಗಳಾಗಿ ಕೂತಿದ್ದವು. ಹುಡುಕಿದರೆ ಐಸ್‌ಕ್ರೀಮು ತುಂಬುವ ಯಂತ್ರದ ಒಂದು ರಬ್ಬರ್ ಬಿರುಕುಬಿಟ್ಟು, ಒಳಗೆ ಹಳೆಯ ಐಸ್‌ಕ್ರೀಮು ಸಿಕ್ಕಿಕೊಂಡಿತ್ತು. ನಾನು ಸೊನ್ನೆ ಹಾಕಿ ಪೇಡ ತಿನ್ನುತ್ತಿದ್ದಾಗ ಅದು ಅಲ್ಲೇ ಇದ್ದಿರಬೇಕು. ಯಾರಿಗೂ ಏನೂ ಆಗಿರಲಿಲ್ಲ, ಪುಣ್ಯ. ಆದರೂ ಆ ತಟ್ಟೆಯನ್ನು ಎತ್ತಿಕೊಂಡು ನೇರ ಶಿವನಂಜಪ್ಪನವರ ಹತ್ತಿರ ಓಡಿದೆ.

ಶಿವನಂಜಪ್ಪನವರು ತಟ್ಟೆ ನೋಡಿ ತಲೆಯ ಮೇಲೆ ಕೈಹೊತ್ತರು. "ಅಲ್ಲ ಕಣ್ರಮ್ಮ, ಲ್ಯಾಬ್ ಕೆಟ್ಟಿದ್ದಾಗ ಮಾಲು ಚೆನ್ನಾಗಿತ್ತು. ಲ್ಯಾಬ್ ಸರಿ ಮಾಡಿದ್ರಿ, ಮಾಲು ಕೆಟ್ಟೋಯ್ತಲ್ಲ! ಹಳೇ ಲ್ಯಾಬೇ ವಾಸಿಯಾಗಿತ್ತು!"

ಐಸ್‌ಕ್ರೀಮನ್ನು ಮಾತ್ರ ಅಂದೇ ನಿಲ್ಲಿಸಿದರು. ಅಷ್ಟು ಒಳ್ಳೆಯ ಮನುಷ್ಯರು. ಪದ್ಮನಾಭರಾಯರು ಮಾರನೆಯ ದಿನ ಬರುವವರಿದ್ದರು. ಶಿವನಂಜಪ್ಪನವರು ನನ್ನ ಹತ್ತಿರ ಬಂದು ಮೆಲ್ಲಗೆ, "ಬೇರೆ ಎಲ್ಲಾ ತೋರ್ಸಿ. ಐಸ್‌ಕ್ರೀಮಿಂದು ಒಂದು ಬ್ಯಾಡ ಬುಡಿ" ಎಂದರು. ಸರಿ ಎಂದೆ.

ರಾಯರು ಬಂದರು. ಆ ತಟ್ಟೆಯನ್ನು ತೆಗೆದಿಡಬೇಕು, ತೆಗೆದಿಡಬೇಕು ಎಂದುಕೊಂಡು, ಅವರ ಕನ್ನಡಕ ಕಂಡ ಕೂಡಲೇ ಗಾಬರಿಯಾಗಿ ಇಡೀ ಟ್ರೇಯನ್ನೇ ಎತ್ತಿ ಅವರ ಮುಂದಿಟ್ಟುಬಿಟ್ಟೆ. ಇದನ್ನು ಆಮೇಲೆ ಕೆಲವರು ನನ್ನ ಪ್ರಾಮಾಣಿಕತೆ ಎಂದು ಹೊಗಳಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ರಾಯರು ಮೊದಲು ಹೆಪ್ಪಿನ ತಟ್ಟೆ ನೋಡಿದರು. ಚರಂಡಿಯ ತಟ್ಟೆ ನೋಡಿ ಸಂತೋಷಪಟ್ಟರು. ಐಸ್‌ಕ್ರೀಮಿನ ತಟ್ಟೆಯನ್ನು ಬೆಳಕಿಗೆ ಹಿಡಿದರು. ಶಿವನಂಜಪ್ಪನವರು ಕಿಟಕಿಯ ಕಡೆ ತಿರುಗಿ ನಿಂತರು, ಬಹುಶಃ ಡಬ್ಬ ಜೋಡಿಸಲು ಜಾಗ ಅಳೆಯುತ್ತಿದ್ದರು. ನಾನು ರಬ್ಬರಿನ ಕಥೆ, ನೀಲಿ ದ್ರಾವಣದ ಕಥೆ ಎರಡನ್ನೂ ತೊದಲುತ್ತಾ ಹೇಳಿದೆ.

"ಎಷ್ಟು ಮುಚ್ಚಳ ಹಾಕಿದ್ರಿ?" ಎಂದು ಕೇಳಿದರು ರಾಯರು.

"ಕಡೆಕಡೆಗೆ ಐದು ಸಾರ್."

ಆ ಮನುಷ್ಯ ಮೊದಲ ಬಾರಿಗೆ ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಶಿವನಂಜಪ್ಪನವರೇ, ಇನ್ಮೇಲೆ ಈ ಲ್ಯಾಬ್ ಸೊನ್ನೆ ಅಂದ್ರೆ ನಾನು ನಂಬ್ತೀನಿ. ಮೊಸರು ಮುಂದಿನ ವಾರದಿಂದ ಕಳಿಸಿ. ಐಸ್‌ಕ್ರೀಮು, ಯಂತ್ರ ರಿಪೇರಿಯಾಗಿ ಇಲ್ಲಿ ಪಾಸಾದ ಮೇಲೆ. ಮೀಡಿಯಾ ಮಾಡಿದಾಗೆಲ್ಲ ಪರೀಕ್ಷೆ ತಪ್ಪಬಾರದು, ತಿಳೀತಾಮ್ಮ?"

ಲ್ಯಾಬ್ ಉಳಿಯಿತು! ನನಗೆ ಅಳು ಬಂತು, ರಾಜಮ್ಮನಿಗೂ ಬಂತು. ಶಿವನಂಜಪ್ಪನವರು ಪೇಡ ತರಿಸಿದರು. ನಾನು ಮಾತ್ರ ತಿನ್ನಲಿಲ್ಲ, ಆ ಪೇಡದ ಫಲಿತಾಂಶ ಇನ್ನೂ ಬಂದಿರಲಿಲ್ಲ.

ಲ್ಯಾಬಿಗೆ ಹೊಸ ಭಾವ ಬರುವವರೆಗೆ ಮೀಡಿಯಾ ಪರೀಕ್ಷೆಗೆ ಅತ್ತೆಯ ಹೆಪ್ಪೇ ಗತಿಯಾಯಿತು. ಶುಕ್ರವಾರ ಬಿಟ್ಟು, ದೀಪ ಹಚ್ಚುವ ಮುಂಚೆ. ಆ ಕುಕ್ಕರ್ ಮತ್ತೆ ನಮ್ಮ ಅಡುಗೆಮನೆಯ ಹೊಸಿಲು ದಾಟಲಿಲ್ಲ, ಈಗಲೂ ಲ್ಯಾಬಿನಲ್ಲೇ ಇದೆ. ಸಂಜೆ ಸಂಜೆ ಅತ್ತೆ, "ನನ್ ಹೆಪ್ಪು ಪಾಸಾ?" ಎಂದು ಕೇಳುತ್ತಿದ್ದರು. ಪರೀಕ್ಷೆ ಹೆಪ್ಪಿಗಲ್ಲ, ಮೀಡಿಯಾಕ್ಕೆ ಎಂದು ವಿವರಿಸಿ ಸೋತು, "ಫಸ್ಟ್ ಕ್ಲಾಸ್ ಅತ್ತೆ" ಎನ್ನುವುದನ್ನು ರೂಢಿಮಾಡಿಕೊಂಡೆ.

ಮುಂದಿನ ಆಯುಧಪೂಜೆಗೆ ಶಿವನಂಜಪ್ಪನವರು ಲ್ಯಾಬಿನ ಬಾಗಿಲಿಗೆ ಒಂದು ಬೋರ್ಡು ಬರೆಸಿ ತಗುಲಿಹಾಕಿದರು. "ಈ ಕೋಣೆಯಲ್ಲಿ ಮೇಡಂನವರು ಪಾತ್ರೆ ತೊಳೆಯಕೂಡದು." ಮೊದಲು ಅವಮಾನವಾಯಿತು. ಯೋಚಿಸಿದಂತೆ, ಎಷ್ಟು ಹೆಂಗಸರಿಗೆ ಇಂಥ ಬೋರ್ಡು ಸಿಗುತ್ತದೆ ಎನ್ನಿಸಿತು. ಅಂದು ರಾತ್ರಿ ಊಟವಾದ ಮೇಲೆ ಸಿಂಕಿನ ಮುಂದೆ ನಿಂತು, ಬೋರ್ಡಿನ ವಿಷಯವನ್ನು ಅತ್ತೆಗೆ ಸವಿಸ್ತಾರವಾಗಿ ಅರಿಕೆ ಮಾಡಿಕೊಂಡೆ.

"ಆ ಬೋರ್ಡು ಕಡಕೊಳದಲ್ಲಿ" ಎಂದರು ಅತ್ತೆ. "ಇದು ಕುವೆಂಪುನಗರ. ತೊಳಿ."

ತೊಳೆದೆ. ಜಾಲಿಸಿದೆ. ಮತ್ತೊಮ್ಮೆ ಜಾಲಿಸಿದೆ. ಅತ್ತೆ ಬಂದು ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದರು, ಥೇಟು ಪದ್ಮನಾಭರಾಯರ ಹಾಗೆ. ಆಮೇಲೆ ಮೂಸಿದರು. ಪಾಸಾದೆ ಎಂದುಕೊಂಡೆ.

ಲೋಟವನ್ನು ವಾಪಸು ಸಿಂಕಿಗೆ ಹಾಕಿದರು. "ಸೋಪು ಹೋಗಿಲ್ಲ. ಇನ್ನೊಂದ್ ಸಲ."

ಸೊನ್ನೆ ಬಂದಿತ್ತು. ಈ ಸೊನ್ನೆಗೆ ಯಾರೂ ಪೇಡ ಹಂಚಲಿಲ್ಲ.